ಕೆಂಪು ಜಾಕೆಟ್ಟಿನೊಳಗೆ ನಾನಿರಲಿಲ್ಲ

ಆ ವಿಡಿಯೋದಲ್ಲಿ ಹಿಮದ ಮೇಲೆ ನಿಂತು ಕೈ ಬೀಸುತ್ತಿರುವ ಕೆಂಪು ಜಾಕೆಟ್ಟಿನ ಹೆಂಗಸು ನಾನಲ್ಲ. ಜಾಕೆಟ್ಟು ನನ್ನದು, ಟೊಪ್ಪಿಗೆ ನನ್ನದು, ಕ್ಯಾಮೆರಾ ನನ್ನದು. ಒಳಗಿದ್ದವಳು ಮಾತ್ರ ನನ್ನ ಗೆಳತಿ ರೂತ್. ಆ ಹೊತ್ತಿಗೆ ನಾನು ಹೇಸರಗತ್ತೆಯೊಂದರ ಹಿಂದೆ ನಡೆಯುತ್ತ ಬೆಟ್ಟ ಇಳಿಯುತ್ತಿದ್ದೆ — ಕೈಕಾಲು ಗಟ್ಟಿಯಾಗಿದ್ದವು, ತಲೆಯೂ ನೆಟ್ಟಗಿತ್ತು.

ಎರಡು ವರ್ಷದಿಂದ ಹೊತ್ತುಕೊಂಡಿದ್ದ ಮಾತು ಇದು. ಬರೆದು ಹಾಕಿದೆ ನೋಡಿ, ಎಷ್ಟು ಹಗುರ! "ಗಿರಿಜಕ್ಕಾ, ಐವತ್ತು ದಾಟಿದ ಮೇಲೂ ಎಂಥ ಧೈರ್ಯ ನಿಮ್ಮದು" ಎಂದು ನನ್ನ ಚಾನೆಲ್ಲಿನ ಕೆಳಗೆ ಬರೆದವರೆಲ್ಲ ದಯವಿಟ್ಟು ಇದನ್ನು ಕೊನೆಯವರೆಗೆ ಓದಬೇಕು. ಆಮೇಲೆ ಏನು ಬೇಕಾದರೂ ಬೈಯಿರಿ. ಬೈಗುಳಕ್ಕಿಂತ ಹೊಗಳಿಕೆ ತಿನ್ನುವುದೇ ಕಷ್ಟ ಎಂಬುದು ನನಗೆ ಚೆನ್ನಾಗಿ ಗೊತ್ತಾಗಿದೆ.

ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ನಮ್ಮ ಮನೆ. ಗಂಡನದು ಕಾಳಿನ ವ್ಯಾಪಾರ. ರೂತ್ ಧಾರವಾಡದವಳು, ಕೆಲಗೇರಿ ಕೆರೆಯ ಹತ್ತಿರ ಇರುತ್ತಾಳೆ, ಶಾಲೆಯಲ್ಲಿ ಸಂಗೀತ ಕಲಿಸುತ್ತಾಳೆ, ರವಿವಾರ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಾಳೆ. ಕಾಲೇಜಿನ ಬೆಂಚಿನಿಂದ ಹಿಡಿದು ನಮ್ಮದು ಒಂದೇ ಜೋಡಿ. ಹಿಮಾಲಯದಲ್ಲಿ ದಿನಗಟ್ಟಲೆ ನಡೆದು, ಒಂದು ಕಣಿವೆಯಿಂದ ಬೆಟ್ಟದ ನೆತ್ತಿ ಹತ್ತಿ ಇನ್ನೊಂದು ಕಣಿವೆಗೆ ಇಳಿಯುವ ಹುಚ್ಚು ಹಿಡಿದದ್ದು ನನಗೆ. ಅದನ್ನು ವಿಡಿಯೋ ಮಾಡಿ ಹಾಕಬೇಕೆಂಬ ಚಟವೂ ನನ್ನದೇ. ರೂತ್ ಬಂದದ್ದು ನನ್ನ ಸಲುವಾಗಿ.

ಹೊರೆ ಹೊತ್ತು ನಡೆದು ರೂಢಿಯಾಗಲೆಂದು ಅಂಗಡಿಯ ಜೋಳವನ್ನೇ ಬೆನ್ನಚೀಲಕ್ಕೆ ತುಂಬಿಕೊಂಡು, ವಾರಕ್ಕೆ ಎರಡು ಮೂರು ಬೆಳಗು ಧಾರವಾಡದ ಬಸ್ಸು ಹಿಡಿದು ಹೋಗುತ್ತಿದ್ದೆ. ಅವಳ ಬೆನ್ನಿಗೂ ಒಂದು ಚೀಲ. ಇಬ್ಬರೂ ಕೆಲಗೇರಿ ಕೆರೆಯ ದಂಡೆಯ ಮೇಲೆ ಸುತ್ತು ಹಾಕುತ್ತಿದ್ದೆವು. "ಏನ್ರಿ ಅಕ್ಕಾರ, ಗಿರಣಿ ಬಂದ್ ಐತೇನ್ರಿ?" ಎಂದು ವಾಕಿಂಗಿಗೆ ಬಂದವರು ಚೇಷ್ಟೆ ಮಾಡುತ್ತಿದ್ದರು. ರೂತ್ ನಗುತ್ತಿದ್ದಳು. ನಾನು ನಗುವುದನ್ನೂ ಬಿಟ್ಟು ಅದನ್ನು ಶೂಟ್ ಮಾಡುತ್ತಿದ್ದೆ. ಬೆಟ್ಟಕ್ಕೆ ಹೋದ ಮೇಲೂ ಅದೇ ಕಥೆ. ನಾನು ನಡೆದದ್ದಕ್ಕಿಂತ ಕ್ಯಾಮೆರಾದ ಮುಂದೆ ಮಾತಾಡಿದ್ದು ಹೆಚ್ಚು. ಬೆಳಕು ಸರಿಬರಲಿಲ್ಲವೆಂದು ರೂತ್‌ಳನ್ನು ಒಂದೇ ಏರು ಎರಡು ಸಲ ಹತ್ತಿಸಿದ್ದೂ ಉಂಟು. ಅವಳು ಬಾಯಿ ಮುಚ್ಚಿಕೊಂಡು ಹತ್ತಿದಳು.

ನೆತ್ತಿಯ ಕೆಳಗಿನ ಕೊನೆಯ ಡೇರೆಗೆ ಮುಟ್ಟಿದ್ದು ಮಧ್ಯಾಹ್ನ. ಗೈಡ್ ಕೈಯೆತ್ತಿ ನಾಳೆಯ ದಾರಿ ತೋರಿಸಿದ. ಹಿಮದ ಇಳಿಜಾರಿನ ಮೇಲೆ ಅಡ್ಡಕ್ಕೆ ಎಳೆದ ಒಂದು ಗೆರೆ, ಅಷ್ಟೇ. ಅದರ ಮೇಲೆ ಇರುವೆಯಷ್ಟು ಸಣ್ಣಗೆ ಯಾರೋ ಇಳಿದು ಬರುತ್ತಿದ್ದರು. ನೋಡುತ್ತಿದ್ದಂತೆ ಒಬ್ಬ ಜಾರಿ ಕೂತ, ಎದ್ದ, ಮತ್ತೆ ನಡೆದ. ಏನೂ ಆಗಲಿಲ್ಲ ಅವನಿಗೆ. ನಾನು ಮಾತ್ರ ಆ ಗೆರೆಗೆ ಬೆನ್ನು ಮಾಡಿದೆ. ಡೇರೆಯೊಳಗೆ ಹೋಗಿ ಮಲಗಿಬಿಟ್ಟೆ. ರೂತ್ ಬಂದು ಹಣೆ ಮುಟ್ಟಿ ನೋಡಿದಳು.

"ತಲಿ ಸಿಡದ ಹೋಗಾಕತ್ತೇತಿ," ಎಂದೆ. ಶುದ್ಧ ಸುಳ್ಳು. ಅಷ್ಟೆತ್ತರದಲ್ಲಿ ತಲೆನೋವು ಬಂದರೆ ಕೆಳಗಿಳಿಯಬೇಕೆಂದು ಗೈಡ್ ಹೇಳಿದ್ದ.

"ಹಂಗಾರ ನಾನೂ ಇಳೀತೀನಿ. ಇಬ್ಬರೂ ಬಂದೀವಿ, ಇಬ್ಬರೂ ಹೋಗೂಣು."

"ಬ್ಯಾಡ, ನೀ ಹೋಗು. ನನ್ನ ಸಲುವಾಗಿ ಶೂಟ್ ಮಾಡ್ಕೊಂಡು ಬಾ."

ಅವಳದು ಯಾರಿಂದಲೋ ಎರವಲು ತಂದ ತೆಳು ನೀಲಿ ಜಾಕೆಟ್ಟು. ನನ್ನ ದಪ್ಪ ಕೆಂಪು ಜಾಕೆಟ್ಟನ್ನೂ ಟೊಪ್ಪಿಗೆಯನ್ನೂ ಅವಳಿಗೆ ಕೊಟ್ಟು, ಅವಳ ಜಾಕೆಟ್ಟನ್ನು ನಾನು ಹಾಕಿಕೊಂಡೆ. ಅದರಲ್ಲಿ ಮೋಸವಿರಲಿಲ್ಲ, ಚಳಿಯಿತ್ತು. ಮರುದಿನ ಅವಳು ನನ್ನ ಕ್ಯಾಮೆರಾ ಹಿಡಿದು ಗೈಡಿನ ಜೊತೆ ಮೇಲಕ್ಕೆ ನಡೆದಳು. ನಾನು ಸಾಮಾನು ಹೊತ್ತ ಹೇಸರಗತ್ತೆಯವನ ಜೊತೆ ಬಂದ ದಾರಿಯಲ್ಲೇ ಇಳಿದೆ. ಅವನ ಕೈಗೆ ಫೋನು ಕೊಟ್ಟು "ಹಿಂದಿನಿಂದ ಒಂದು ತುಣುಕು ತೆಗಿ" ಎಂದೆ. ಚಟ ನೋಡಿ! ಜೀವ ಬಾಯಿಗೆ ಬಂದಿದ್ದಾಗಲೂ ಅದು ಬಿಡಲಿಲ್ಲ.

ಕೆಳಗೆ ಜೀಪು ಹತ್ತಿ, ಬೆಟ್ಟವನ್ನೆಲ್ಲ ಸುತ್ತುಹಾಕಿ ಆಚೆ ಬದಿಯ ಹಳ್ಳಿ ಸೇರಿದೆ. ರೂತ್ ಅಲ್ಲಿಗೆ ಇಳಿದು ಬಂದಾಗ ಮೂಗಿನ ತೊಗಲು ಸುಲಿದಿತ್ತು, ತುಟಿ ಒಡೆದಿತ್ತು. ತಬ್ಬಿಕೊಂಡು ಕ್ಯಾಮೆರಾ ಕೈಗಿಟ್ಟಳು. "ಎಲ್ಲಾ ಅದರಾಗ ಐತಿ. ನೀನೂ ಬಂದಂಗ ಆತು," ಎಂದಳು.

ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತು ಅದನ್ನು ಮೊದಲ ಸಲ ಕೇಳಿದೆ. ಗಾಳಿಯ ಆರ್ಭಟದ ನಡುವೆ ರೂತ್ ಏದುಸಿರು ಬಿಡುತ್ತ ನನ್ನ ಜೊತೆ ಮಾತಾಡುತ್ತಿದ್ದಳು. "ಗಿರಿಜಾ, ನೋಡು, ಬಂದ್ವಿ. ಜಾಕೆಟ್ ನಿಂದು, ಕ್ಯಾಮೆರಾ ನಿಂದು, ಕಾಲು ಅಷ್ಟ ನಂದು. ನಿನಗ ತಲಿನೋವು ಇರ್ಲಿಲ್ಲ, ಹೆದರಿಕಿ ಆಗಿತ್ತು. ನನಗ ಗೊತ್ತೈತಿ. ನನಗೂ ಆಗಿತ್ತು. ಏನಾತು ಬಿಡು ಅದಕ್ಕ?"

ಎಷ್ಟು ಅಕ್ಕರೆಯಿಂದ ಹೇಳಿದ ಮಾತು ಅದು! ನನಗೆ ಕೇಳಿಸಿದ್ದು ಮಾತ್ರ ಒಂದೇ ಶಬ್ದ, ಹೆದರಿಕಿ. ಊರೆಲ್ಲ ಡಂಗುರ ಹೊಡೆದು ಹೋದವಳು ನಾನು. ಗಂಡ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದ. ಇದನ್ನು ಹೇಗೆ ಹಾಕಲಿ? ಮೊದಲು ಆ ಒಂದು ಮಾತನ್ನಷ್ಟೇ ತೆಗೆದೆ. ಅಲ್ಲಿ ಖಾಲಿ ಖಾಲಿ ಅನ್ನಿಸಿತು. ಅವಳ ದನಿಯನ್ನೇ ಪೂರ್ತಿ ಅಳಿಸಿದೆ. ಈಗ ಅಲ್ಲಿ ಯಾರಾದರೂ ಮಾತಾಡಬೇಕಲ್ಲ...

ನಾನೇ ಮಾತಾಡಿದೆ. ನಮ್ಮ ಮನೆಯ ಮೆಟ್ಟಿಲುಗಳನ್ನು ಕೆಳಗಿನಿಂದ ಮಾಳಿಗೆಯವರೆಗೆ ಓಡಿ ಹತ್ತಿ, ದಮ್ಮು ಕಟ್ಟಿದ ಕೂಡಲೇ ಮೈಕಿನ ಮುಂದೆ ಕೂತು, "ಅಬ್ಬಾ! ಉಸಿರು ಸಿಗಾಕತ್ತಿಲ್ಲ, ಆದರೂ ಬಂದೇನಿ ನೋಡ್ರಿ!" ಎಂದೆ. ಒಂದು ಸಲ ಸರಿಬರಲಿಲ್ಲ, ಮತ್ತೆ ಓಡಿದೆ. ಮುಖಕ್ಕೆ ಬಟ್ಟೆ, ಕಣ್ಣಿಗೆ ಕಪ್ಪು ಕನ್ನಡಕ — ರೂತ್ ಎಂದು ಹೇಳುವಂಥದ್ದೇನೂ ಕಾಣುತ್ತಿರಲಿಲ್ಲ. ನೀಲಿ ಜಾಕೆಟ್ಟಿನಲ್ಲಿ ಹೇಸರಗತ್ತೆಯ ಹಿಂದೆ ಇಳಿಯುತ್ತಿದ್ದ ನನ್ನ ಬೆನ್ನಿನ ತುಣುಕಿತ್ತಲ್ಲ, ಅದಕ್ಕೆ "ರೂತ್‌ಗೆ ಆರಾಮಿಲ್ಲದೆ ಕೆಳಗೆ ಹೋಗಬೇಕಾಯಿತು" ಎಂದು ಸೇರಿಸಿದೆ. ನನ್ನ ಅಂಜಿಕೆಯನ್ನು ಅವಳ ಹೆಗಲಿಗೆ ಹಾಕಿ, ಅವಳ ನಡಿಗೆಯನ್ನು ನಾನು ಇಟ್ಟುಕೊಂಡೆ. ಇದಕ್ಕಿಂತ ಸರಳವಾಗಿ ಹೇಳಲು ಬರುವುದಿಲ್ಲ.

ಆ ವಿಡಿಯೋ ಓಡಿದ್ದೇ ಓಡಿದ್ದು. ಎಲ್ಲರಿಗೂ ಮೆಚ್ಚಿಗೆಯಾದದ್ದು ಗೈಡ್ ತೆಗೆದ ರೊಟ್ಟಿಯ ತುಣುಕು. ನೆತ್ತಿಯ ಮೇಲೆ ಕೆಂಪು ಜಾಕೆಟ್ಟಿನಾಕೆ ಗಾಳಿಗೆ ಬೆನ್ನು ಮಾಡಿ ಕೂತು, ಚೀಲದಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆಯುತ್ತಾಳೆ. "ಹಿಮಾಲಯದಾಗ ನಮ್ಮ ರೊಟ್ಟಿ!" ಎಂದು ಜನ ಕುಣಿದಾಡಿದರು. "ಪಾಪ ರೂತ್ ಅಕ್ಕ" ಎಂದೂ ಬರೆದರು. ಅದನ್ನು ಓದಿದಾಗ ಚುರುಕ್ಕೆನ್ನುತ್ತಿತ್ತು. ಆದರೂ ಓದುತ್ತಿದ್ದೆ.

ಹಾಕುವ ಮುಂಚೆ ರೂತ್‌ಗೆ ಫೋನಿನಲ್ಲಿ "ಕಥಿಗೆ ತಕ್ಕಂಗ ಸ್ವಲ್ಪ ಹೊಂದಿಸೀನಿ" ಎಂದಷ್ಟೇ ಹೇಳಿದ್ದೆ. ನೋಡಿದ ಮೇಲೂ ಅವಳು ಎಂದಿನಂತೆ ಕೆರೆಯ ದಂಡೆಗೆ ಬಂದಳು. ಸ್ವಲ್ಪ ದಿನಕ್ಕೆ ದೇಶಪಾಂಡೆ ನಗರದ ಒಂದು ಸಭಾಭವನದಲ್ಲಿ ಮಹಿಳಾ ಮಂಡಳದವರು ನನಗೆ ಸನ್ಮಾನ ಇಟ್ಟುಕೊಂಡರು. ನಾನೇ ರೂತ್‌ಳನ್ನು ಕರೆದೆ, ಅವಳು ಬಂದಳು. ಶಾಲು ಹೊದಿಸಿದ ಮೇಲೆ ಮಂಡಳದ ಅಧ್ಯಕ್ಷೆ ಮುಂದಿನ ಸಾಲಿನಲ್ಲಿದ್ದ ಅವಳ ಕಡೆ ತಿರುಗಿ, "ರೂತ್ ಮೇಡಂ, ನೀವು ಅರ್ಧಕ್ಕ ಇಳದ ಬಂದ್ರಂತಲ್ಲರಿ, ಪಾಪ! ಬ್ಯಾಸರ ಆತೇನ್ರಿ?" ಎಂದರು.

ರೂತ್ ನನ್ನ ಮುಖ ನೋಡಿದಳು. ನಾನು ಶಾಲಿನ ಅಂಚು ಸರಿಮಾಡಿಕೊಂಡೆ.

"ಇಲ್ರಿ," ಎಂದಳು ಅವಳು. "ಎಲ್ಲಾರಿಗೂ ಆಗೂದಿಲ್ಲ."

ಅಂದಿನಿಂದ ಅವಳು ಕೆಲಗೇರಿಯ ದಂಡೆಗೆ ಬರುವುದನ್ನು ಬಿಟ್ಟಳು. ಜಗಳವಿಲ್ಲ, ಮುನಿಸಿಲ್ಲ, ಕರೆದರೆ "ಸಾಲಿ ಕೆಲಸ ಭಾಳ ಐತಿ" ಎನ್ನುತ್ತಿದ್ದಳು. ಒಬ್ಬಳೇ ಎರಡು ಸಲ ಸುತ್ತು ಹಾಕಿ ನಾನೂ ಬಿಟ್ಟೆ. ಚೀಲದ ಜೋಳಕ್ಕೆ ನುಸಿ ಹತ್ತಿತು.

ಹೀಗೇ ಎರಡು ವರ್ಷ ಹೋದವು. ಈಗ್ಗೆ ಸ್ವಲ್ಪ ದಿನದ ಹಿಂದೆ ನಮ್ಮ ಯಜಮಾನರು ಗೋಡೆಯಗಲದ ಟೀವಿ ತಂದರು. ಬೀಗರಿಗೆ ನನ್ನ ಪರಾಕ್ರಮ ತೋರಿಸುವುದಕ್ಕೆ ಹಳೆಯದು ಸಾಲದಂತೆ! ನಮ್ಮ ಅತ್ತೆಗೆ ವಯಸ್ಸಾಗಿದೆ. ಲಿಂಗಪೂಜೆ, ಊಟ ಮುಗಿಸಿ ಟೀವಿಯ ಮುಂದೆ ಕೂತರೆ ಮೂರು ಹೊತ್ತೂ ಅದೇ ವಿಡಿಯೋ. ಫೋನಿನಲ್ಲಿ ಎಷ್ಟೋ ಸಲ ನೋಡಿದ್ದರು. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಾಗ ಬಂದು ಬಾಗಿಲಿಗೆ ಒರಗಿ ನಿಂತರು.

"ಗಿರಿಜಾ, ಟೀವಿ ದೊಡ್ಡದಾದ ಮ್ಯಾಲ ಈಗ ಛಲೋ ಕಾಣಾಕತ್ತೇತಿ. ಹಿಮದಾಗ ಕುಂತಾಕಿ ರೂತ್ ಹೌದಲ್ಲ?"

"ಯಾಕ ಹಂಗಂತೀರಿ ಅತ್ತಿ?"

"ಎರಡೂ ಕೈಯಾಗ ರೊಟ್ಟಿ ಹಿಡದು ತಲಿ ಬಗ್ಗಸ್ತಾಳ. ನೀ ಯಾವತ್ತ ಹಂಗ ಮಾಡೀದಿ? ಆಕಿ ತಲಿ ಎತ್ತಲಿ ಅಂತ ಇದ ಮನ್ಯಾಗ ತುಪ್ಪದ ಚಮಚಾ ಹಿಡಕೊಂಡು ನಾ ಎಷ್ಟ ಸಲ ನಿಂತಿಲ್ಲ?"

ಊಟಕ್ಕೆ ಮುಂಚೆ ರೂತ್ ಮಾಡುವ ಪ್ರಾರ್ಥನೆ ಅದು. ಎರಡು ಉಸಿರಿನಷ್ಟು ಹೊತ್ತು, ತುಟಿಯೂ ಅಲುಗುವುದಿಲ್ಲ. ಮೂವತ್ತು ವರ್ಷ ಎದುರಿಗೆ ಕೂತು ಉಂಡ ನಾನು ಅದನ್ನು ದಣಿವು ಎಂದುಕೊಂಡು ವಿಡಿಯೋದಲ್ಲಿ ಉಳಿಸಿದ್ದೆ. ಸಾಲದ್ದಕ್ಕೆ ಸರಿಯಾಗಿ ಅದೇ ಜಾಗದ ಮೇಲೆ ನನ್ನ ಮೆಟ್ಟಿಲ ಏದುಸಿರನ್ನು ಹೇರಿದ್ದೆ. ಅವಳು ದೇವರ ಜೊತೆ ಮಾತಾಡುವಾಗ ನಾನು ಅಡ್ಡಬಾಯಿ ಹಾಕಿದ್ದೆ.

"ಹೌದ್ರಿ ಅತ್ತಿ," ಎಂದೆ. "ರೂತ್ ಅದು. ನಾ ಹೋಗಲಿಲ್ಲ. ನನಗ ಹೆದರಿಕಿ ಆತು."

ಹಿಟ್ಟಿನ ಕೈಯಲ್ಲೇ ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಅಳು ಬಂತು ಅಂದುಕೊಂಡಿರಾ? ಇಲ್ಲ. ಬಿಗಿ ಚಪ್ಪಲಿ ಕಳಚಿದಂಥ ಸುಖ! ಅತ್ತೆ ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. "ಹಂಗಾರ ಆಕಿಗಿ ಹೇಳು. ನನಗ ಯಾಕ ಹೇಳ್ತಿ?" ಎಂದು ಒಳಗೆ ಹೋದರು.

ಅಂದೇ ಸಂಜೆ ಧಾರವಾಡಕ್ಕೆ ಹೋದೆ. ಅಳಿಸದೆ ಬಚ್ಚಿಟ್ಟುಕೊಂಡಿದ್ದ ಮೂಲ ವಿಡಿಯೋ ನನ್ನ ಬಳಿ ಇತ್ತು. ರೂತ್‌ಗೆ ಎಲ್ಲ ಹೇಳಿದೆ, ಮೆಟ್ಟಿಲಿನದ್ದೂ ಸೇರಿಸಿ. "ಮಾಳಿಗಿ ಹತ್ತಿ ದಮ್ಮು ತಂದ್ಕೊಂಡಿ?" ಎಂದು ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳ ನಗು ನಿಂತಿತು.

"ವಿಡಿಯೋ ನೋಡಿದಾಗ ಸಿಟ್ಟು ಬರ್ಲಿಲ್ಲ ನನಗ," ಎಂದಳು. "ಆ ಸಭಾಕ್ಕ ಕರದಿ ನೋಡು, ಅಲ್ಲೆರ ಹೇಳ್ತಿ ಅಂತ ಬಂದಿದ್ದೆ. ಒಳ್ಳೆ ಸೀರಿ ಉಟ್ಕೊಂಡು ಬಂದಿದ್ದೆ, ಗಿರಿಜಾ."

ಆ ಸೀರೆ ಯಾವ ಬಣ್ಣದ್ದಿತ್ತು ಎಂಬುದೂ ನನಗೆ ನೆನಪಿಲ್ಲ. ನಾನು ನೋಡಿಯೇ ಇರಲಿಲ್ಲ.

ಇಬ್ಬರೂ ಕೂತು ಮೂಲ ವಿಡಿಯೋ ನೋಡಿದೆವು. ತನ್ನ ದನಿಯನ್ನು ಅವಳು ಅಂದೇ ಮೊದಲು ಕೇಳಿದ್ದು. "ಇದನ್ನ ಹಾಕು, ನನ್ನ ಮಾತು ಒಂದೂ ತಗೀಬ್ಯಾಡ," ಎಂದಳು. ಹಳೆಯದನ್ನು ತೆಗೆದುಹಾಕಿ ಮೊನ್ನೆ ಇದನ್ನು ಹಾಕಿದ್ದೇನೆ, ಮೊದಲಿಗೆ ನನ್ನ ಮುಖ ತೋರಿಸಿ ನಿಜ ಹೇಳಿಕೊಂಡು. ಶಾಲನ್ನು ಮಂಡಳದವರಿಗೆ ಮರಳಿಸಿದೆ. ಮೋಸಗಾತಿ ಎಂದು ಬರೆದವರು ತುಂಬಾ ಜನ. ಗಂಡ ಎರಡು ದಿನದಿಂದ ಅಂಗಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ, ಅವನ ತಪ್ಪೇನೂ ಇಲ್ಲದೆ. ಅದೊಂದು ನೋವು. ಉಳಿದಂತೆ ನಾನು ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ.

ಈ ದಿನ ಚರ್ಚು ಮುಗಿಸಿಕೊಂಡು ರೂತ್ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಎರಡು ವರ್ಷದ ಮೇಲೆ. ತಾಟಿನ ಮುಂದೆ ತಲೆ ಬಗ್ಗಿಸಿದಳು. ಅತ್ತೆ ತುಪ್ಪದ ಚಮಚ ಹಿಡಿದು ನಿಂತರು. ನಾನು ರೊಟ್ಟಿ ಮುರಿಯದೆ ಕಾದೆ. ಅವಳು ತಲೆಯೆತ್ತಿ, ಒಂದು ತುತ್ತು ತಿಂದು, "ಇನ್ನೊಂದ್ ಸಲ ಹೋಗೂಣೇನು?" ಎಂದಳು.

"ನನಗ ಹೆದರಿಕಿ ಆಗ್ತೈತಿ, ರೂತ್."

"ಗೊತ್ತೈತಿ. ಚಟ್ನಿ ಈ ಕಡೆ ಕೊಡು," ಎಂದಳು ಅವಳು.

ಇಷ್ಟೇ ಮಾತು. ಡೇರೆಯಲ್ಲೇ ಹೇಳಬಹುದಿತ್ತು.