ಗುರುತು ಸಿಗದ ಬಾಡಿಗೆ

ಒಮಾನ್ ದೇಶದ ಸೂರ್‌ ಪಟ್ಟಣದಲ್ಲಿ ನಾನು ಕೆಲಸಕ್ಕಿರುವ ಕಚೇರಿ ಬಹಳ ಚಿಕ್ಕದು. ಹಿಂದೆ ಯಾರೋ ವ್ಯಾಪಾರಿ ದಾನವಾಗಿ ಬಿಟ್ಟುಹೋದ ಒಂದು ಸಾಲು ಮನೆಗಳನ್ನು ಬಡ ಒಮಾನಿ ಕುಟುಂಬಗಳಿಗೆ ಕಡಿಮೆ ಬಾಡಿಗೆಗೆ ಕೊಡುವುದು, ಬಂದ ಬಾಡಿಗೆಯಲ್ಲಿ ಅವುಗಳ ರಿಪೇರಿ ಮಾಡಿಸುವುದು, ಇಷ್ಟೇ ಅದರ ಕೆಲಸ. ನನ್ನ ಗಂಡನಿಗೆ ಊರ ಹೊರಗಿನ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ. ಮನೆಯಲ್ಲಿ ಕೂತು ಬೇಸರವಾಗಿ ನಾನು ಈ ಕಚೇರಿಗೆ ಸೇರಿದೆ. ಅಲ್ಲಿ ಇರುವವರು ಮೂವರು: ಒಮಾನಿ ಮ್ಯಾನೇಜರ್, ಅರ್ಧ ಆಯುಷ್ಯವನ್ನು ಇಲ್ಲೇ ಕಳೆದ ಬಂಟ್ವಾಳ ಕಡೆಯ ಬ್ಯಾರಿ ಕಾಕ, ಮತ್ತು ನಾನು.

ಬಾಡಿಗೆಗಾಗಿ ನಾವು ಯಾರ ಬಾಗಿಲಿಗೂ ಹೋದವರಲ್ಲ. ಆ ಕುಟುಂಬಗಳ ಸಹಾಯಧನದಲ್ಲೇ ಬಾಡಿಗೆಯ ಪಾಲು ಮುರಿದುಕೊಂಡು ಸರಕಾರವೇ ತಿಂಗಳಿಗೊಮ್ಮೆ ಒಟ್ಟಾಗಿ ನಮ್ಮ ಖಾತೆಗೆ ಹಾಕುತ್ತಿತ್ತು. ಜೊತೆಗೆ ಬಂದ ಪಟ್ಟಿ ನೋಡಿ ನಾನು ಮನೆ ನಂಬರಿನ ಮುಂದೆ ಗುರುತು ಹಾಕುತ್ತಿದ್ದೆ. ಆಮೇಲೆ ಕಾನೂನು ಬದಲಾಯಿತು. ಮ್ಯಾನೇಜರ್ ಅದನ್ನು ಅರಬ್ಬಿಯಲ್ಲಿ ಅರ್ಧ ಗಂಟೆ ವಿವರಿಸಿದರು. ಕಾಕ ನನಗೆ ಎರಡೇ ಮಾತಿನಲ್ಲಿ ಹೇಳಿದರು: "ಇನ್ನು ಮುದುಕರ ದುಡ್ಡು ಮುದುಕರ ಖಾತೆಗೆ, ಮಕ್ಕಳ ದುಡ್ಡು ತಾಯಿಯ ಖಾತೆಗೆ. ಬಾಡಿಗೆ ಅವರೇ ಕಟ್ಟಬೇಕು ಅಕ್ಕ."

"ಅವರು ಅಂದ್ರೆ ಯಾರು ಕಾಕ? ಮನೆಯಲ್ಲಿ ಮೂರು ಜನರಿಗೆ ದುಡ್ಡು ಬಂದ್ರೆ ಬಾಡಿಗೆ ಯಾರದ್ದು?"

"ಅದು ನಂಗೂ ಗೊತ್ತಿಲ್ಲ ಮಾರಾಯ್ತಿ."

ಮೊದಲ ತಿಂಗಳು ಖಾತೆಗೆ ದುಡ್ಡೇನೋ ಬಂತು. ಆದರೆ ಕೆಲವು ಜಮೆಗಳಲ್ಲಿ ಕಳುಹಿಸಿದವರ ಹೆಸರೂ ಇರಲಿಲ್ಲ, ಮನೆ ನಂಬರೂ ಇರಲಿಲ್ಲ. ಯಾವುದನ್ನು ಯಾವ ಮನೆಗೆ ಹಾಕುವುದೆಂದು ತಿಳಿಯದೆ ಅವನ್ನೆಲ್ಲ 'ಗುರುತು ಸಿಗದವು' ಎಂದು ಬೇರೆ ಇಟ್ಟೆ. ಗುರುತು ಹಾಕಲಾಗದ ಮನೆಗಳೆಲ್ಲ ಬಾಕಿದಾರರ ಪಟ್ಟಿಗೆ ಸೇರಿದವು. ಎರಡನೆಯ ತಿಂಗಳೂ ಹಾಗೇ ಆಯಿತು. ಆಗ ಮ್ಯಾನೇಜರ್ ನನ್ನನ್ನು ಮನೆಗಳಿಗೆ ಕಳುಹಿಸಿದರು. ಗಂಡಸರಿಲ್ಲದ ಮನೆಗಳಿಗೆ ಹೆಂಗಸು ಹೋದರೆ ಒಳ್ಳೆಯದು ಎಂದು ಅವರ ಲೆಕ್ಕ. ನನ್ನ ಅರಬ್ಬಿಯೋ ತರಕಾರಿ ಅಂಗಡಿಯ ಅರಬ್ಬಿ.

ಪಟ್ಟಿಯ ಮೊದಲ ಮನೆ ಮೀನುಗಾರನೊಬ್ಬನ ವಿಧವೆಯದು. ಮಗನಿಗೆ ಸೊಹಾರ್ ಬಂದರಿನಲ್ಲಿ ಕೆಲಸ, ಹೆಚ್ಚಾಗಿ ಅಲ್ಲೇ ಇರುತ್ತಿದ್ದ. ಮನೆಯಲ್ಲಿ ಅಜ್ಜಿ, ಸೊಸೆ, ನಾಲ್ಕು ಮೊಮ್ಮಕ್ಕಳು. ಅಜ್ಜಿ ನನ್ನನ್ನು ಚಾಪೆಯ ಮೇಲೆ ಕೂರಿಸಿ ಖರ್ಜೂರದ ತಟ್ಟೆ ಮುಂದಿಟ್ಟು, ಕಾಫಿ ಸುರಿಯುತ್ತಲೇ ಹೋದರು. ಮೂರನೆಯ ಲೋಟ ಮುಗಿದ ಮೇಲೆ ಬಾಡಿಗೆ ಅಂದೆ.

"ಬಾಡಿಗೆ ಸರಕಾರ ಕೊಡುತ್ತದಲ್ಲ ಮಗಳೇ," ಎಂದರು.

"ಈಗ ಕೊಡುವುದಿಲ್ಲ. ನಿಮ್ಮ ಕೈಗೇ ಕೊಡುತ್ತದೆ. ನೀವು ನಮಗೆ ಕೊಡಬೇಕು."

ಅಜ್ಜಿ ಎದ್ದುಹೋಗಿ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ಬ್ಯಾಂಕ್ ಕಾರ್ಡು ತಂದರು. "ಇದಾ? ಇದು ನನ್ನದು. ಇದನ್ನು ಯಾಕೆ ನಿಮಗೆ ಕೊಡಬೇಕು? ನಾನು ಮಕ್ಕಾಕ್ಕೆ ಹೋಗುತ್ತೇನೆ. ಖಲಾಸ್."

ಅವರು ಸಿಟ್ಟಾಗಿರಲಿಲ್ಲ. ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ. ಇಷ್ಟು ದಿನ ಬಾಡಿಗೆ ಎಂಬುದು ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ. ಈಗ ಬಂದ ದುಡ್ಡಿನಲ್ಲಿ ಅದೂ ಸೇರಿದೆ ಎಂದು ಹೇಳಲು ನನಗೆ ಭಾಷೆ ಸಾಲಲಿಲ್ಲ. ಭಾಷೆ ಇದ್ದಿದ್ದರೂ ಹೇಳಬಲ್ಲೆ ಎಂಬ ಧೈರ್ಯವಿರಲಿಲ್ಲ.

ಮುಂದಿನ ತಿಂಗಳು ಹೋದಾಗ ಅಜ್ಜಿ ನಿಜಕ್ಕೂ ಬಸ್ಸಿನಲ್ಲಿ ಮಕ್ಕಾಕ್ಕೆ ಹೊರಟುಹೋಗಿದ್ದರು. ಬಾಗಿಲು ತೆರೆದ ಸೊಸೆ ಸೊಂಟದಲ್ಲಿ ಮಗು ಇಟ್ಟುಕೊಂಡು ಬಹಳ ವೇಗವಾಗಿ ಏನೋ ಹೇಳಿದಳು. 'ದಫಅತ್, ದಫಅತ್' ಎಂಬ ಒಂದೇ ಶಬ್ದ ಕಿವಿಗೆ ಬಿತ್ತು. ಬಾಡಿಗೆಯ ದಫ್ತರ ತೋರಿಸಿ ಅನ್ನುತ್ತಿದ್ದಾಳೆ ಎಂದುಕೊಂಡು, "ದಫ್ತರ ಆಫೀಸಿನಲ್ಲಿದೆ," ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನಾನೂ ನೋಡಿದೆ. ಕೊನೆಗೆ ಮನೆ ಖಾಲಿ ಮಾಡಿಸಬೇಕಾದೀತು ಎಂಬ ನೋಟೀಸನ್ನು ಅವಳ ಕೈಗಿಟ್ಟು ಬಂದೆ. ದಾರಿಯುದ್ದಕ್ಕೂ ಎಲ್ಲೋ ಏನೋ ತಪ್ಪಿದೆ ಅನ್ನಿಸುತ್ತಿತ್ತು. ಏನೆಂದು ಮಾತ್ರ ಹೊಳೆಯಲಿಲ್ಲ.

ಹತ್ತು ದಿನ ಬಿಟ್ಟು ಅತ್ತೆ ಸೊಸೆ ಇಬ್ಬರೂ ಕಚೇರಿಗೆ ಬಂದರು. ಅಜ್ಜಿಯ ಕೈಯಲ್ಲಿ ನಮ್ಮ ನೋಟೀಸು, ಸೊಸೆಯ ಕೈಯಲ್ಲಿ ಮೊಬೈಲು. ಕಾಕ ಅವಳ ಮೊಬೈಲು ತೆಗೆದುಕೊಂಡು ಕನ್ನಡಕ ಏರಿಸಿ ನೋಡಿದರು. ಆಮೇಲೆ ನನ್ನನ್ನು ಕರೆದರು.

"ಅಕ್ಕ, ಇವಳು ಮೊದಲ ತಿಂಗಳಿಂದಲೂ ಕಟ್ಟಿದ್ದಾಳೆ."

"ಎಲ್ಲಿಗೆ ಕಟ್ಟಿದ್ದಾಳೆ?"

"ನಮಗೇ. ಮನೆ ನಂಬರ್ ಹಾಕಲಿಲ್ಲ, ಅಷ್ಟೇ. ಬಾಡಿಗೆ ಕಾಗದ ಇನ್ನೂ ತೀರಿಹೋದ ಮಾವನ ಹೆಸರಲ್ಲಿದೆ, ನಮ್ಮ ಲೆಕ್ಕದ ಮನೆ ನಂಬರ್ ಇರೋದು ಅದರಲ್ಲಿ ಮಾತ್ರ, ಅದನ್ನು ಇವಳಿಗೆ ಯಾರು ಹೇಳ್ತಾರೆ? ನೋಟೀಸ್ ಕೊಟ್ಟ ದಿನವೂ 'ಕಟ್ಟಿದ್ದೇನೆ, ಕಟ್ಟಿದ್ದೇನೆ' ಅಂತ ನಿಮಗೆ ಹೇಳಿದಳಂತೆ."

ಕಂಪ್ಯೂಟರಿನಲ್ಲಿ 'ಗುರುತು ಸಿಗದವು' ತೆರೆದೆ. ಮೊಬೈಲಿನಲ್ಲಿದ್ದ ತಾರೀಕುಗಳಿಗೇ ಸರಿಯಾಗಿ ಅವಳ ಜಮೆಗಳು ಅಲ್ಲಿದ್ದವು. ಅವನ್ನು ಅಲ್ಲಿ ಇಟ್ಟವಳು ನಾನೇ.

ಸೊಸೆ ಮಕ್ಕಳ ಹೆಸರಿಗೆ ಬಂದ ದುಡ್ಡಿನಿಂದ ಬಾಡಿಗೆ ಕಟ್ಟಿದ್ದಳು. ಅತ್ತೆಗೆ ಹೇಳಿರಲಿಲ್ಲ. ಹೇಳಿದ್ದರೆ ಅಜ್ಜಿ ಬಸ್ಸು ಹತ್ತುತ್ತಿರಲಿಲ್ಲವೇನೋ. ಇದು ನನ್ನ ಊಹೆ. ಅಜ್ಜಿ ಸೊಸೆಯ ಕಡೆ ತಿರುಗಿ ಏನೋ ಕೇಳಿದರು. ಅವಳು ತಲೆ ತಗ್ಗಿಸಿ ಉತ್ತರ ಕೊಟ್ಟಳು. ಅಜ್ಜಿಯ ಧ್ವನಿ ಏರಿತು, ಸೊಸೆಯದೂ ಏರಿತು. ಇಬ್ಬರ ಕಣ್ಣಲ್ಲೂ ನೀರು. ಜಗಳವೋ, ಇನ್ನೊಂದೋ, ನನಗೆ ತಿಳಿಯಲಿಲ್ಲ.

"ಏನಂತೆ ಕಾಕ?" ಎಂದು ಮೆಲ್ಲಗೆ ಕೇಳಿದೆ.

"ಅದು ಅವರ ಮನೆ ಮಾತು. ನಾವು ಕೇಳಬಾರದು," ಎಂದು ಕಾಕ ಎದ್ದು ಹೊರಗೆ ಹೋಗಿಬಿಟ್ಟರು.

ನಾನು ಕನ್ನಡ, ಹಿಂದಿ, ಅರಬ್ಬಿ ಎಲ್ಲ ಬೆರೆಸಿ ತಪ್ಪಾಯಿತು ಎಂದೆ. ಅಜ್ಜಿ ನನ್ನ ಕೆನ್ನೆ ತಟ್ಟಿದರು. ಕ್ಷಮಿಸಿದರೋ, ಸುಮ್ಮನಿರು ಎಂದರೋ.

ಮ್ಯಾನೇಜರ್ ಆ ದಿನವೇ ನೋಟೀಸು ರದ್ದು ಮಾಡಿದರು. ಉಳಿದ ಜಮೆಗಳನ್ನು ಒಂದೊಂದಾಗಿ ಮನೆಗಳಿಗೆ ಹೊಂದಿಸಲು ನನಗೆ ಎರಡು ವಾರ ಹಿಡಿಯಿತು. ಬಾಕಿ ಎಂದು ಪಟ್ಟಿ ಮಾಡಿದವರಲ್ಲಿ ಹೆಚ್ಚಿನವರು ಕಟ್ಟಿಯೇ ಇದ್ದರು. ಕಾಕನನ್ನು ಜೊತೆಗೆ ಕರೆದುಕೊಂಡು ಅವರ ಮನೆಗಳಿಗೆಲ್ಲ ಹೋಗಿ, ಜಮೆ ಮಾಡುವಾಗ ಹೆಸರಿನ ಜೊತೆ ಹಾಕಬೇಕಾದ ಮನೆ ನಂಬರನ್ನು ಅರಬ್ಬಿಯಲ್ಲಿ ಬರೆದುಕೊಟ್ಟು ಬಂದೆವು.

ಮುಂದಿನ ತಿಂಗಳು ಆ ಮನೆಯಿಂದ ಎರಡು ಜಮೆ ಬಂದವು. ಅರ್ಧ ಬಾಡಿಗೆ ಅಜ್ಜಿಯ ಖಾತೆಯಿಂದ, ಅರ್ಧ ಸೊಸೆಯ ಖಾತೆಯಿಂದ. ನಮ್ಮ ಸಾಫ್ಟ್‌ವೇರ್ ಒಂದು ಮನೆಗೆ ಇಬ್ಬರನ್ನು ಒಪ್ಪುವುದಿಲ್ಲ. ಪ್ರತಿ ತಿಂಗಳೂ ನಾನು ಕೈಯಿಂದ ಕೂಡಿಸಿ ಹಾಕುತ್ತೇನೆ. ಹಾಗೆ ಪಾಲು ಮಾಡಿದ್ದು ಅತ್ತೆಯೋ ಸೊಸೆಯೋ, ಪ್ರೀತಿಯಿಂದಲೋ ಹಟದಿಂದಲೋ, ನಾನು ಕೇಳಲಿಲ್ಲ. ಕಾಕನಿಗೆ ಗೊತ್ತಿರಬಹುದು.