ಇಜೇರಿಯ ತೊಟ್ಟಿಯಲ್ಲಿ ಒಂದು ಬಾಟಲಿ

ಸ್ಟಾರ್ಟರ್ ಒತ್ತಿದೆ. ಪೈಪಿನಿಂದ ಬೆರಳಿನ ಗಾತ್ರದ ನೀರು ಬಂತು, ಅಷ್ಟೇ.

ಅರ್ಧ ಗಂಟೆ ಕಾದೆ. ತೊಟ್ಟಿಯ ತಳದಲ್ಲಿ ನಾನು ಮಲಗಿಸಿಟ್ಟಿದ್ದ ಬಿಯರ್ ಬಾಟಲಿ ಅರ್ಧವೂ ಮುಳುಗಲಿಲ್ಲ.

ಇಜೇರಿ ಹತ್ತಿರದ ಹೊಲ, ಮೇ ತಿಂಗಳ ಬಿಸಿಲು. ಜೇವರ್ಗಿಯಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರ್ ಮೇಲೆತ್ತಿ, ತಂತಿ ಸುತ್ತಿ, ಮತ್ತೆ ಇಳಿಸುವುದು ಕೆಲಸ. ಇಪ್ಪತ್ತೆರಡು ವರ್ಷ ಆಯ್ತು, ಸೊಂಟ ಹೋಗಿದೆ.

ನನಗೂ ನನ್ನ ಜೊತೆ ಕೆಲಸ ಮಾಡುವ ರಫೀಕ್‌ಗೂ ಒಂದು ಪದ್ಧತಿ ಇದೆ. ಹೋದ ಹೊಲದಲ್ಲಿ ಖಾಲಿ ತೊಟ್ಟಿಯೊಳಗೆ ಬಾಟಲಿ ಇಡುತ್ತೇವೆ. ನನಗೆ ಬಿಯರ್, ಅವನಿಗೆ ಸೋಡಾ, ಅವನು ಕುಡಿಯುವವನಲ್ಲ.

ನಾವು ರಿಪೇರಿ ಮಾಡಿದ ಮೋಟರ್ ಎತ್ತಿದ ನೀರಿನಲ್ಲೇ ಅದು ತಣ್ಣಗಾಗಬೇಕು. ತೊಟ್ಟಿ ತುಂಬುವವರೆಗೆ ಮುಚ್ಚಳ ತೆಗೆಯುವಂತಿಲ್ಲ.

ಈ ಗ್ರೂಪಿನಲ್ಲಿ ನೀವೆಲ್ಲ ನಿಮ್ಮ ಫೇವರಿಟ್ ಬಿಯರ್ ಹೆಸರು ಬರೆಯುತ್ತಿದ್ದೀರಿ. ಸ್ಟ್ರಾಂಗು, ಲೈಟು, ಗೋಧಿ ಬಿಯರು... ನಮಗೆ ಸಿಗುವುದು ಅಂಗಡಿಯವನು ಕೊಟ್ಟದ್ದು. ಹಾಗಂತ ರುಚಿ ಗೊತ್ತಿಲ್ಲದವ ಅಂದುಕೊಳ್ಳಬೇಡಿ.

ಫ್ರಿಜ್‌ನಲ್ಲಿಟ್ಟ ಬಿಯರ್ ನಾಲಿಗೆಯನ್ನೇ ಮರಗಟ್ಟಿಸುತ್ತದೆ, ಬರೀ ತಂಪು ಗೊತ್ತಾಗುತ್ತದೆ. ಬೋರಿನ ನೀರಿನಲ್ಲಿಟ್ಟದ್ದು ಹದವಾಗಿ ತಣ್ಣಗಾಗುತ್ತದೆ. ಮೊದಲು ಒಂಚೂರು ಸಿಹಿ, ಆಮೇಲೆ ನಿಧಾನಕ್ಕೆ ಕಹಿ. ಪಕ್ಕದಲ್ಲಿ ಹುರಿದ ಶೇಂಗಾ, ಎದುರಿಗೆ ಪೈಪು ತುಂಬಾ ನೀರು... ಆ ಹತ್ತು ನಿಮಿಷಕ್ಕಾಗಿಯೇ ನಾನು ಈ ಕೆಲಸ ಬಿಟ್ಟಿಲ್ಲ.

ಆ ದಿನ ರಫೀಕ್ ಇರಲಿಲ್ಲ. ಆಳಂದದಲ್ಲಿ ತಂಗಿಯ ಮಗಳ ಮದುವೆ ಅಂತ ಹೋಗಿದ್ದ. ಪೈಪು ಇಳಿಸಲು ಇಬ್ಬರನ್ನು ಕರೆದುಕೊಂಡು ನಾನೇ ಹೋಗಿದ್ದೆ.

ಹೊಲ ನೀಲಮ್ಮನದು. ಗಂಡ ಮಹಾರಾಷ್ಟ್ರದ ಕಡೆ ಲಾರಿ ಓಡಿಸುತ್ತಾನೆ, ಬದನೆ ತೋಟ ಪೂರ್ತಿ ಅವಳದೇ. ಗಿಡಗಳು ಆಗತಾನೆ ಹೂವಿಗೆ ಬಂದಿದ್ದವು.

“ಯಾಕ್ರಿ ಮಿಸ್ತ್ರಿ, ನೀರ ಇಷ್ಟ ಸಣ್ಣ ಬರಾಕತ್ತಾವ?”

ತಲೆ ಸಿಡಿಯುತ್ತಿತ್ತು. ಮೂರು ಫೇಸ್ ಕರೆಂಟು ಹೋಗಲು ಇನ್ನು ಸ್ವಲ್ಪವೇ ಹೊತ್ತು ಉಳಿದಿತ್ತು. ನನಗೆ ಮನೆಗೆ ಹೋಗಿ ಬಿದ್ದುಕೊಂಡರೆ ಸಾಕಾಗಿತ್ತು.

“ಬೋರ್ ಬತ್ತ್ಯದ ಅಕ್ಕಾ. ಕೆಳಗ ನೀರೇ ಇಲ್ಲಂದ್ರ ಮೋಟರ್ ಏನ್ ಮಾಡ್ತದ?” ಅಂದೆ.

ಅವಳು “ಆತ್ರಿ” ಅಂದಳು. ಇಷ್ಟು ವರ್ಷದ ಮಿಸ್ತ್ರಿ ಹೇಳಿದ ಮೇಲೆ ಇನ್ನೇನು ಕೇಳುತ್ತಾಳೆ.

ನಾನು ಅಲ್ಲೇ ತೊಟ್ಟಿಯ ಕಟ್ಟೆ ಮೇಲೆ ಕುಳಿತು ಬಾಟಲಿಯ ಮುಚ್ಚಳ ತೆಗೆದೆ. ನೊರೆಯೆಲ್ಲ ಅಂಗಿಯ ಮೇಲೆ ಬಂತು. ಬಿಸಿಬಿಸಿ ಬಿಯರ್, ಕುದಿಸಿದ ಬೇವಿನ ನೀರಿನ ಹಾಗಿತ್ತು. ಆದರೂ ಕುಡಿದೆ.

ನಾಲ್ಕನೇ ದಿನ ಅಫಜಲಪುರ ಕಡೆ, ಘತ್ತರಗಿ ಹತ್ತಿರ ಒಂದು ಕೆಲಸ. ರಫೀಕ್ ವಾಪಸ್ ಬಂದಿದ್ದ. ಮೋಟರ್ ಇಳಿಸಿ ಆನ್ ಮಾಡಿದೆವು, ಅಲ್ಲೂ ಸಣ್ಣ ನೀರು.

ರಫೀಕ್ ತಲೆ ಕೂಡ ಎತ್ತಲಿಲ್ಲ. ಆಫ್ ಮಾಡಿದ, ಮೂರು ವೈರಿನಲ್ಲಿ ಎರಡನ್ನು ಅದಲುಬದಲು ಮಾಡಿದ, ಮತ್ತೆ ಒತ್ತಿದ. ಪೈಪು ತುಂಬಾ ನೀರು.

ನನಗೆ ಇಜೇರಿ ನೆನಪಾಯಿತು.

ವೈರ್ ಅದಲುಬದಲಾದರೆ ಮೋಟರ್ ಉಲ್ಟಾ ತಿರುಗುತ್ತದೆ. ಉಲ್ಟಾ ತಿರುಗಿದರೂ ನೀರು ಬರುತ್ತದೆ, ಆದರೆ ಸಣ್ಣಗೆ. ಅದಕ್ಕೇ ಎರಡೂ ರೀತಿ ನೋಡಿ, ಹೆಚ್ಚು ನೀರು ಬಂದದ್ದನ್ನು ಇಟ್ಟುಕೊಳ್ಳಬೇಕು. ಈ ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಯುವ ಪಾಠ ಇದು.

ವರ್ಷಗಟ್ಟಲೆ ಅದನ್ನು ರಫೀಕ್‌ನ ಕೈಯೇ ಮಾಡುತ್ತಿತ್ತು. ಇಜೇರಿಯಲ್ಲಿ ನಾನು ಮಾಡಿರಲಿಲ್ಲ.

“ಮಾರಿ ಯಾಕ್ ಹಿಂಗ್ ಮಾಡಿದಿಲೇ?” ಅಂದ. ನಡೆದದ್ದು ಹೇಳಿದೆ.

ಅವನು ಒಂದೇ ಮಾತು ಕೇಳಿದ. “ತೊಟ್ಟಿ ತುಂಬೂಕಿಂತ ಮೊದಲ ಬಾಟ್ಲಿ ತಗದೀಯೇನು?”

ಘತ್ತರಗಿಯಲ್ಲಿ ನನ್ನ ಬಾಟಲಿಯನ್ನು ಕುಡಿಯದೆ ಹಾಗೇ ಚೀಲಕ್ಕೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಕರೆಂಟು ಬರುವ ಹೊತ್ತಿಗೆ ಇಬ್ಬರೂ ಇಜೇರಿಯಲ್ಲಿದ್ದೆವು.

ಬೇಲಿ ತೆಗೆದಿತ್ತು. ಬದನೆ ತೋಟದ ತುಂಬಾ ಪಕ್ಕದ ಹೊಲದವರ ಆಡುಗಳು.

“ಒಣಗಿ ಹೋಗೂದ್ರಕಿಂತ ಆಡಾದ್ರೂ ತಿನ್ನಲಿ ಅಂತ ಬಿಟ್ಟೇನ್ರಿ” ಅಂದಳು ನೀಲಮ್ಮ. ಮನೆ ಹತ್ತಿರದ ಎರಡು ಸಾಲು ಮಾತ್ರ ಹಸಿರಾಗಿದ್ದವು. ಊರ ನಲ್ಲಿಯಿಂದ ಕೊಡದಲ್ಲಿ ನೀರು ಹೊತ್ತು ತಂದು ಹಾಕಿದ್ದಳು.

ಸ್ಕ್ರೂಡ್ರೈವರ್ ತೆಗೆದು ಎರಡು ವೈರ್ ಬದಲಿಸಿದೆ. ಎರಡು ನಿಮಿಷದ ಕೆಲಸ.

ನೀರು ರಭಸಕ್ಕೆ ತೊಟ್ಟಿಯ ಆಚೆ ಗೋಡೆಗೆ ಹೋಗಿ ಬಡಿಯುತ್ತಿದೆ. ನೀಲಮ್ಮ ಅದರ ಕೆಳಗೆ ಕೈ ಹಿಡಿದು ನಿಂತಿದ್ದಾಳೆ. ನನ್ನ ಕಡೆ ನೋಡುತ್ತಿಲ್ಲ.

“ತಪ್ಪು ನಂದೇ ಅಕ್ಕಾ. ವೈರ್ ಉಲ್ಟಾ ಇತ್ತು, ನಾ ನೋಡ್ಲಿಲ್ಲ. ಬೋರ್‌ನ್ಯಾಗ ನೀರ ಇದ್ವು.”

ಬೈಯಲಿ ಅಂತ ಕಾದೆ. ಬೈದಿದ್ದರೆ ಒಳ್ಳೆಯದಿತ್ತು, ಈಗಲೂ ಹಾಗೇ ಅನಿಸುತ್ತದೆ.

ನನ್ನ ಚೀಲದಿಂದ ಬಾಟಲಿಯ ಕತ್ತು ಹೊರಗೆ ಕಾಣುತ್ತಿತ್ತು. ಅವಳೇ ಎಳೆದುಕೊಂಡು ತೊಟ್ಟಿಯೊಳಗೆ ಮಲಗಿಸಿದಳು.

“ಅವತ್ತ ಬಿಸೀದ ಕುಡದ್ರಿ ಪಾಪ. ಇವತ್ತ ತಣ್ಣಗಾಗ್ತದ, ಕೂಡ್ರಿ.”

ಅಷ್ಟು ಹೇಳಿ ಆಡುಗಳನ್ನು ತೋಟದಿಂದ ಓಡಿಸಲು ಹೋದಳು. ನನಗೆ ಅಲ್ಲಿ ಕೂರಲು ಆಗಲಿಲ್ಲ. ರಫೀಕ್ ಬೈಕ್ ಸ್ಟಾರ್ಟ್ ಮಾಡಿದ, ಹಿಂದೆ ಹತ್ತಿ ಕುಳಿತೆ.

ನಿನ್ನೆ ಅವಳ ಫೋನ್ ಬಂದಿತ್ತು. “ಮಿಸ್ತ್ರಿ, ನಿಮ್ ಬಾಟ್ಲಿ ತೊಟ್ಯಾಗೇ ಅದ. ಯಾವಾಗ ಬರ್ತೀರಿ?” ಬರ್ತೇನಿ ಅಂದೆ.

ಫೇವರಿಟ್ ಬಿಯರ್ ಯಾವುದು ಅಂತ ಕೇಳುತ್ತೀರಲ್ಲ... ನನ್ನದು ಇಜೇರಿಯ ತೊಟ್ಟಿಯಲ್ಲಿ ತಣ್ಣಗೆ ಮಲಗಿದೆ, ಹೋಗಿ ತರಲು ನನಗೆ ಮುಖವಿಲ್ಲ.