ಕೈಗೆ ಕೊಡದ ಚಾಕು

ಅಂತರಸಂತೆಯ ವಾರದ ಸಂತೆಯಲ್ಲಿ, ದಾರಿಯಲ್ಲಿ ಹಣ್ಣು ಹೆಚ್ಚಿಕೊಳ್ಳಲೆಂದು ಮಡಚುವ ಚಾಕು ಕೇಳಿದೆ. ವ್ಯಾಪಾರಿ ಥಳಥಳಿಸುವ ಸ್ಟೀಲಿನದನ್ನೇ ಮತ್ತೆ ಮತ್ತೆ ತೋರಿಸಿದ.

"ಇದು ತುಕ್ಕು ಇಡಿಯಾಕಿಲ್ಲ ಕಣ್ರೀ."

"ಹರಿತವೂ ನಿಲ್ಲೋಲ್ಲ! ಕೊಕ್ಕಿನ ಹಾಗೆ ಬಾಗಿದ ಅಲಗಿನಲ್ಲಿ ಸೀಬೆಹಣ್ಣು ಹೆಚ್ಚೋದು ಹೇಗೆ? ಲಾರಿಯ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿದ ಆ ಕಪ್ಪನೆಯದು, ನೇರ ಅಲಗಿನದು ಕೊಡಿ" ಎಂದು ಕೈಚಾಚಿದೆ.

ಅವನು ಚಾಕುವನ್ನು ನನ್ನ ಕೈಗೆ ಕೊಡದೆ ಗೋಣಿತಾಟಿನ ಮೇಲಿಟ್ಟ. ನನಗೆ ಮೈಯೆಲ್ಲ ಉರಿಯಿತು.

"ಕೈಗೆ ಕೊಡೋಕೆ ಏನ್ರೀ ಕಷ್ಟ? ನಾನೇನು ಭಿಕ್ಷೆಗೆ ಬಂದಿದ್ದೀನಾ?"

"ಚಾಕು ಕೈಯಿಂದ ಕೈಗೆ ಕೊಟ್ರೆ ಜಗಳ ಆಯ್ತದೆ ಕಣ್ರೀ, ಅದ್ಕೇ ಕೆಳಗಿಟ್ಟೆ."

ಪಕ್ಕದಲ್ಲಿ ಕುಡುಗೋಲು ಆರಿಸುತ್ತಿದ್ದ ಹೆಂಗಸು ತಲೆಯೆತ್ತಿದಳು. "ಕೈಗೇ ಕೊಟ್ಬುಡಣ್ಣ, ಜಗಳ ಎಂಗೂ ಆಗೋಯ್ತಲ್ಲ!"

ಅಷ್ಟಾದರೂ ಅವನು ಕೊಡಲಿಲ್ಲ. ನಾನೇ ಬಗ್ಗಿ ಎತ್ತಿಕೊಳ್ಳಬೇಕಾಯಿತು.